ಐದು ನೂರು ರೂಪಾಯಿಯ ಮನೆ

ಅಕ್ಕನ ಮಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮನೆ ತೆಗೆದುಕೊಂಡ. ದೀಪಾವಳಿಗೆ ನಮ್ಮೂರು ಬೋರಗಾಂವಕ್ಕೆ ಬಂದಾಗ ಕಾಗದದ ಫೈಲನ್ನೂ ಜೊತೆಗೆ ತಂದಿದ್ದ. ಪಡಸಾಲೆಯಲ್ಲಿ ಕೂತು ಒಂದೊಂದೇ ತೆಗೆದು ನನ್ನ ಮುಂದೆ ಹರಡಿದ. ಬ್ಯಾಂಕಿನ ಸಾಲಪತ್ರ, ನೋಂದಣಿಯಾದ ಒಪ್ಪಂದ, ಸ್ಟ್ಯಾಂಪ್ ಡ್ಯೂಟಿ ಕಟ್ಟಿದ ರಸೀದಿ. ಕಡೆಗೆ ಹಸಿರು ಅಂಚಿನ, ಶಾಲೆಯ ಪ್ರಶಸ್ತಿಪತ್ರದಂಥ ಒಂದು ದಪ್ಪ ಕಾಗದ.

"ಮಾಮಾ, ಇದರಾಗ ಐವತ್ತು ರೂಪಾಯಿದು ಹತ್ತು ಶೇರು ಅಂತ ಬರದಾರ. ಒಟ್ಟು ಐದನೂರು. ನಾ ಕೊಟ್ಟದ್ದು ಐವತ್ತು ಲಕ್ಷದ ಮ್ಯಾಲ. ಮನೀ ಅನ್ನೂ ಶಬ್ದನ ಇಲ್ಲಲ್ಲ ಇದರಾಗ?"

ಒಳಗೆ ಚಕಲಿ ಕರಿಯುತ್ತಿದ್ದ ಅಕ್ಕನಿಗೆ ಇದೆಲ್ಲ ಕೇಳಿಸುತ್ತಿತ್ತು. ಝಾರಾ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ನನಗ ಮೊದಲಿಂದ ತಿಳಿವಲ್ದು ತಮ್ಮಾ. ಸೊಸೈಟ್ಯಾಗ ಮನಿ ಅಂದರ ಹೆಂಗ? ಕೆಳಗ ಗೊಬ್ಬರದ ಗೋಡೌನ್ ಇರತೈತೇನು?"

ನಾವಿಬ್ಬರೂ ನಕ್ಕೆವು. ಆದರೆ ಅಕ್ಕನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಸೊಸೈಟಿ ಅಂದರೆ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. ಬೆಳೆಸಾಲ, ಯೂರಿಯಾ, ರೇಷನ್ ಅಕ್ಕಿ. ಇಲ್ಲಿ ಸಕ್ಕರೆ ಕಾರ್ಖಾನೆ ಸಹಕಾರಿ, ಹಾಲಿನ ಡೇರಿ ಸಹಕಾರಿ, ಮಗಳ ಮದುವೆಗೆ ಸಾಲ ತರುವ ಪತಸಂಸ್ಥೆಯೂ ಸಹಕಾರಿ. ಚಿಕ್ಕೋಡಿ-ನಿಪ್ಪಾಣಿ ಕಡೆಯ ಯಾವ ಮನೆಯ ಟ್ರಂಕು ತೆಗೆದರೂ ತಳದಲ್ಲಿ ಒಂದು ಶೇರು ಸರ್ಟಿಫಿಕೇಟು ಸಿಕ್ಕೀತು. ಅದೇ ಮಾತು ಕೊಲ್ಹಾಪುರದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿ ಕಳೆದು ಕಲ್ಯಾಣದಲ್ಲಿ ಇಳಿಯುವಷ್ಟರಲ್ಲಿ ಅರ್ಥ ಬದಲಿಸಿಕೊಂಡಿರುತ್ತದೆ. ಅಲ್ಲಿ ಸೊಸೈಟಿ ಅಂದರೆ ಬಿಲ್ಡಿಂಗು. ನಿಮ್ಮ ಸೊಸೈಟಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ನಿಮ್ಮ ಸೊಸೈಟಿಯಲ್ಲಿ ನಾಯಿ ಸಾಕಲು ಬಿಡುತ್ತಾರಾ ಎಂದು ಕೇಳುತ್ತಾರೆ.

ಎರಡೂ ಒಂದೇ ಗಿಡದ ಟೊಂಗೆಗಳು ಎಂದು ಅಕ್ಕನಿಗೆ ತಿಳಿಸಿ ಹೇಳಲು ನನಗೆ ಮೂರು ದಿನ ಬೇಕಾಯಿತು. ಮೂವತ್ತೊಂದು ವರ್ಷ ಮುಂಬಯಿಯಲ್ಲಿ ನೌಕರಿ ಮಾಡಿ, ಅದರಲ್ಲಿ ಒಂಬತ್ತು ವರ್ಷ ಡೊಂಬಿವಲಿಯ ಹದಿನಾರು ಮನೆಗಳ ಒಂದು ಸೊಸೈಟಿಗೆ ಸೆಕ್ರೆಟರಿಯಾಗಿದ್ದವನು ನಾನು. ಹೇಳಲು ಬೇಕಾದಷ್ಟಿತ್ತು.

ಸಾಲ ಕೊಡುವ ಸಹಕಾರಿ ಸಂಘಗಳಿಗೆ ಸರ್ಕಾರ ಕಾಯ್ದೆ ಮಾಡಿದ್ದು 1904ರಲ್ಲಿ. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಅದರ ಮರುವರ್ಷ, 1906ರಲ್ಲಿ, ಮುಂಬಯಿಯಲ್ಲಿ ಶ್ರೀಪಾದ ಸುಬ್ರಾವ್ ತಲಮಕಿಯವರು ತಮ್ಮ ಗುರುಗಳಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಬ್ಯಾಂಕು ತೆರೆದರು. ಇವತ್ತಿನ ಎಸ್‌ವಿಸಿ ಬ್ಯಾಂಕ್ ಅದೇ. ತಲಮಕಿಯವರದು ಕಾನಡಾ ಜಿಲ್ಲೆಗಳಿಂದ, ಅಂದರೆ ಇಂದಿನ ಉತ್ತರ ಕನ್ನಡ-ದಕ್ಷಿಣ ಕನ್ನಡದಿಂದ, ಹೋದ ಚಿತ್ರಾಪುರ ಸಾರಸ್ವತರ ಸಮಾಜ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು. ಕರಾವಳಿಗೆ ರೈಲೇ ಇರಲಿಲ್ಲವಾದ್ದರಿಂದ ಆಗಬೋಟಿ ಹತ್ತಿ ಮುಂಬಯಿ ಸೇರಿದವರು.

ಸೇರಿದ ಮೇಲೆ ಇರುವುದೆಲ್ಲಿ? 1896ರಲ್ಲಿ ಪ್ಲೇಗು ಬಂದು ಮುಂಬಯಿಯ ಚಾಳುಗಳ ಬಣ್ಣ ಬಯಲಾಗಿತ್ತು. ಗಾಳಿ-ಬೆಳಕಿಲ್ಲದ ಒಂದೊಂದು ಖೋಲಿಯಲ್ಲಿ ಇಡೀ ಸಂಸಾರಗಳು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬುದನ್ನು ಮಾಡಿ, ಇಕ್ಕಟ್ಟು ಕೇರಿಗಳನ್ನು ಕೆಡವಿ, ಹೊಸ ಬಡಾವಣೆ ಹಾಕಲು ಶುರುಮಾಡಿದರು. ಗಾಮದೇವಿ ಅಂಥ ಒಂದು ಬಡಾವಣೆ. 1912ರ ಹೊಸ ಕಾಯ್ದೆ ಸಾಲವಲ್ಲದ ಕೆಲಸಗಳಿಗೂ ಸಹಕಾರಿ ಸಂಘ ಮಾಡಬಹುದೆಂದು ಬಾಗಿಲು ತೆರೆದಾಗ ತಲಮಕಿಯವರು ಕಾದು ಕೂರಲಿಲ್ಲ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಎದ್ದು ನಿಂತಿತು. ಬೆಂಗಳೂರಿನಲ್ಲಿ 1909ರಲ್ಲೇ ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿತ್ತು ನಿಜ. ಆದರೆ ಒಂದೇ ಜಿನೆ ಹತ್ತಿಳಿಯುವ ಹತ್ತಾರು ಸಂಸಾರಗಳು ಸೇರಿ ಇಡೀ ಕಟ್ಟಡಕ್ಕೆ ತಾವೇ ಮಾಲಕರಾಗಿ, ತಮಗೆ ತಾವೇ ಬಾಡಿಗೆ ಕಟ್ಟಿಕೊಳ್ಳುವ ಮುಂಬಯಿಯ ಪದ್ಧತಿಗೆ ಗಾಮದೇವಿಯೇ ಮೊದಲ ಮೆಟ್ಟಿಲು.

ತಮಗೆ ತಾವೇ ಬಾಡಿಗೆ ಎಂಬ ಮಾತಿನಲ್ಲಿ ಅಕ್ಕ ಸಿಕ್ಕಿಹಾಕಿಕೊಂಡಳು. ಬಿಡಿಸಿ ಹೇಳಿದೆ. ಭೂಮಿ ಸಂಘದ್ದು, ಕಟ್ಟಡ ಸಂಘದ್ದು. ನೀನು ಸಂಘದಲ್ಲಿ ಶೇರು ತೆಗೆದುಕೊಂಡೆ, ಮೆಂಬರಾದೆ. ಮೆಂಬರಾದ ಕಾರಣಕ್ಕೆ ನಿನಗೆ ಒಂದು ಮನೆ. ಕಟ್ಟಲು ತಂದ ಸಾಲ, ಪಟ್ಟಿ, ರಿಪೇರಿ ಇವಕ್ಕೆ ಬೇಕಾದಷ್ಟನ್ನು ತಿಂಗಳು ತಿಂಗಳು ಕಟ್ಟುತ್ತೀ. ಅದರ ಮೇಲೆ ಲಾಭ ಹೊಡೆಯುವ ಮಾಲಕ ಯಾರೂ ಇಲ್ಲ. ಇಂಗ್ಲೆಂಡಿನ ಈಲಿಂಗ್‌ನಲ್ಲಿ 1901ರಲ್ಲಿ ಕೆಲಸಗಾರರು ಮಾಡಿ ತೋರಿಸಿದ ಪದ್ಧತಿ ಇದು. ಗಾಮದೇವಿಯ ಮರುವರ್ಷ, 1916ರಲ್ಲಿ, ಫಿನ್‌ಲೆಂಡಿನಿಂದ ನ್ಯೂಯಾರ್ಕಿಗೆ ವಲಸೆ ಹೋದವರು ಬ್ರೂಕ್ಲಿನ್‌ನಲ್ಲಿ ಇಂಥದ್ದೇ ಕಟ್ಟಡ ಎಬ್ಬಿಸಿದರು. ಊರು ಬಿಟ್ಟು ಬಂದವರಿಗೆಲ್ಲ ಮೊದಲು ಹೊಳೆಯುವುದು ಇದೇ ಇರಬೇಕು.

ಈಗಿನ ಬಿಲ್ಡರುಗಳು ಕಟ್ಟಿ ಮಾರುವ ಫ್ಲಾಟಿನಲ್ಲೂ ಆ ಹಳೆಯ ಕಾಲದ ಗುರುತು ಉಳಿದಿದೆ. ಮಹಾರಾಷ್ಟ್ರದ ಸಹಕಾರಿ ಕಾಯ್ದೆ 1960ರದು, ನಿಯಮಗಳು 1961ರವು. ಇಂಥ ಸೊಸೈಟಿಯ ನೋಂದಣಿ ಪ್ರಮಾಣಪತ್ರ ಓದಿ ನೋಡಿ. ಉಪವರ್ಗ ಎಂಬ ಕಡೆ 'ಭಾಡೇಕರೂ ಸಹಭಾಗೀದಾರಿ' ಎಂದು ಮರಾಠಿಯಲ್ಲಿ ಬರೆದಿರುತ್ತದೆ. ಬಾಡಿಗೆದಾರರ ಪಾಲುಗಾರಿಕೆ! ಐವತ್ತು ಲಕ್ಷ ಸುರಿದವನು ಕಾಯ್ದೆಯ ಭಾಷೆಯಲ್ಲಿ ಇನ್ನೂ ಪಾಲುಗಾರ ಬಾಡಿಗೆದಾರನೇ. ಒಪ್ಪಂದದ ಕಾಗದ ಅವನಿಗೆ ನಾಲ್ಕು ಗೋಡೆಯ ನಡುವಿನ ಜಾಗದ ಹಕ್ಕು ಕೊಡುತ್ತದೆ. ಗೋಡೆಯ ಹೊರಮೈ, ಜಿನೆ, ಗಚ್ಚಿ, ಟಾಕಿ, ಕೆಳಗಿನ ನೆಲ ಇವೆಲ್ಲ ಸೊಸೈಟಿಯವು. ಆ ಸೊಸೈಟಿಯಲ್ಲಿ ಅವನಿಗಿರುವ ಜಾಗವನ್ನು ಹೇಳುವುದು ಐದು ನೂರು ರೂಪಾಯಿಯ ಆ ಹಸಿರು ಕಾಗದ. ಎರಡರಲ್ಲಿ ಒಂದು ಕಳೆದರೂ ಮನೆ ಮಾರುವ ಹೊತ್ತಿಗೆ ಬೆವರು ಹರಿಯುತ್ತದೆ.

"ಅಂದರ ನಮ್ಮ ಪಿಕೆಪಿಎಸ್ ಹಂಗನ" ಅಂದಳು ಅಕ್ಕ. ಹಂಗನ. ಇನ್ನೂ ಒಂದು ವಿಷಯದಲ್ಲಿ ಹಂಗನ. ಎರಡು ಎಕರೆಯವನಿಗೂ ಒಂದು ವೋಟು, ಐವತ್ತು ಎಕರೆಯವನಿಗೂ ಒಂದೇ ವೋಟು ಎಂಬುದು ಇಲ್ಲಿಯ ನಿಯಮ. ಅಲ್ಲಿ ಒಂದು ಖೋಲಿ-ಅಡುಗೆಮನೆಯವನಿಗೂ ಒಂದು, ಮೂರು ಖೋಲಿಯವನಿಗೂ ಒಂದು.

ಹಾಗಾದರೆ ಮುಂಬಯಿಯಲ್ಲಿ ಮಾತ್ರ ಯಾಕೆ ಈ ಪದ್ಧತಿ ಇಷ್ಟು ಹಬ್ಬಿತು? ಅರ್ಧ ಉತ್ತರ 1947ರ ಬಾಡಿಗೆ ಕಾಯ್ದೆಯಲ್ಲಿದೆ. ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ, ಬಾಡಿಗೆಗೆ ಕೊಡಲೆಂದು ಮನೆ ಕಟ್ಟುವುದರಲ್ಲಿ ಅರ್ಥವೇ ಉಳಿಯಲಿಲ್ಲ. ಕಟ್ಟುವವರು ಫ್ಲಾಟು ಮಾಡಿ ಮಾರತೊಡಗಿದರು. ಕೊಂಡವರಿಗೆ ಮೋಸವಾಗತೊಡಗಿದಾಗ 1963ರಲ್ಲಿ ಫ್ಲಾಟು ಕಾಯ್ದೆ ಬಂತು. ಕೊಂಡವರ ಸಂಸ್ಥೆ ಕಟ್ಟಿಕೊಡುವುದು, ಜಮೀನನ್ನು ಅದರ ಹೆಸರಿಗೆ ಮಾಡಿಕೊಡುವುದು ಬಿಲ್ಡರನ ಹೊಣೆ ಎಂದಿತು. ಉಳಿದ ಅರ್ಧ ಉತ್ತರ ರೈಲು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ ಗಾಡಿಯ ಕಥೆ ಎಲ್ಲರ ಪಠ್ಯಪುಸ್ತಕದಲ್ಲೂ ಇದೆ. ನನಗೆ ಹೆಚ್ಚು ಮುಖ್ಯವಾದ ತಾರೀಖು 1925ರ ಫೆಬ್ರವರಿ 3. ಅವತ್ತು ಮುಂಬಯಿಯ ವಿ.ಟಿ. ಸ್ಟೇಶನ್ನಿನಿಂದ ಕುರ್ಲಾಕ್ಕೆ ವಿದ್ಯುತ್ ರೈಲು ಓಡಿತು. ಹೊಗೆಬಂಡಿಗಿಂತ ಬೇಗ ಹೊರಟು, ಬೇಗ ನಿಂತು, ಮತ್ತೆ ಬೇಗ ಹೊರಡುವ ಗಾಡಿ ಬಂದ ಮೇಲೆಯೇ ಊರು ಹಳಿಗುಂಟ ಹರಿದದ್ದು. ಗಾಮದೇವಿಯವರು ಗ್ರಾಂಟ್ ರೋಡ್ ಸ್ಟೇಶನ್ನಿಗೆ ನಡೆದು ಹೋಗುತ್ತಿದ್ದರು. ಅವರ ಮೊಮ್ಮಕ್ಕಳ ಕಾಲಕ್ಕೆ ಮನೆಗಳು ವಿ.ಟಿ.ಯಿಂದ ಸುಮಾರು 48 ಕಿಲೋಮೀಟರು ದೂರದ ಡೊಂಬಿವಲಿ ಮುಟ್ಟಿದ್ದವು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ಆದದ್ದು 1983ರಲ್ಲಿ. ಅದರ ಹಿಂದುಮುಂದಿನ ವರ್ಷಗಳಲ್ಲಿ ಸ್ಟೇಶನ್ನಿನ ಎರಡೂ ಮಗ್ಗುಲಿಗೆ ನೆಲ ಅಂತಸ್ತಿನ ಮೇಲೆ ಮೂರಂತಸ್ತು, ಲಿಫ್ಟಿಲ್ಲ, ಹನ್ನೆರಡೋ ಹದಿನಾರೋ ಮನೆ ಎಂಬ ಲೆಕ್ಕದ ಸಣ್ಣ ಸಣ್ಣ ಕಟ್ಟಡಗಳು ಸಾಲುಹಿಡಿದವು. ಅಲ್ಲಿ ಮನೆಯ ಬೆಲೆ ಅಳೆಯುವುದು ಚದರ ಅಡಿಯಲ್ಲಲ್ಲ, ಸ್ಟೇಶನ್ನಿಗೆ ಎಷ್ಟು ನಿಮಿಷ ಎಂಬುದರಲ್ಲಿ. ಅದೂ ನಡೆದು ಎಷ್ಟು, ರಿಕ್ಷಾದಲ್ಲಿ ಎಷ್ಟು ಎಂದು ಬೇರೆ ಬೇರೆ.

ನಮ್ಮದು ನಡೆದು ಏಳು ನಿಮಿಷ. ನಾನು ಕೊಂಡಾಗ ಆ ಏಳು ನಿಮಿಷಕ್ಕೇ ಅರ್ಧ ದುಡ್ಡು ಕೊಟ್ಟಿದ್ದೆ ಅನ್ನಬಹುದು. ಅಡುಗೆಮನೆಯ ಕಿಟಕಿಗೆ ಸ್ಟೇಶನ್ನಿನ ಅನೌನ್ಸ್‌ಮೆಂಟು ಕೇಳುತ್ತಿತ್ತು. ನನ್ನಾಕೆ ಗಡಿಯಾರ ನೋಡುತ್ತಿರಲಿಲ್ಲ. ಗಾಡಿ ತಡ ಎಂದು ಕೂಗಿದ್ದು ಕಿವಿಗೆ ಬಿದ್ದರೆ ಇನ್ನೊಂದು ಭಕ್ರಿ ಬಡಿಯುತ್ತಿದ್ದಳು. ನಸುಕಿನ ಐದೂವರೆಗೆ ಪಾಲಿಕೆಯ ನೀರು, ಕೆಳಗಿನ ಟಾಕಿ ತುಂಬುವ ಸದ್ದು, ಆರಕ್ಕೆ ಪಂಪಿನ ಗರ್ರ್. ಆರೂವರೆಯಿಂದ ಜಿನೆಯ ಮೇಲೆ ಬೂಟಿನ ಸಪ್ಪಳ. ಎಂಟಕ್ಕೆ ಇಡೀ ಕಟ್ಟಡ ಖಾಲಿ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಕೂರಲು ಜಾಗ ಸಿಗುತ್ತದೆ, ಆದರೆ ಇಪ್ಪತ್ತು ನಿಮಿಷ ಹೆಚ್ಚು. ಕಲ್ಯಾಣ ಕಡೆಯಿಂದ ಬರುವ ಫಾಸ್ಟ್ ಆದರೆ ಒಂದು ಕಾಲು ಊರುವುದೇ ಪುಣ್ಯ. ಕೂತು ಹೋಗುವವರು ಬೇಗ ಏಳುತ್ತಿದ್ದರು, ನಿಂತು ಹೋಗುವವರು ಹತ್ತು ನಿಮಿಷ ಹೆಚ್ಚು ಮಲಗುತ್ತಿದ್ದರು. ಹದಿನಾರು ಮನೆಯಲ್ಲಿ ಯಾರು ಯಾವ ಪಂಗಡ ಎಂಬುದು ನನಗೆ ಜಿನೆಯ ಸದ್ದಿನಿಂದಲೇ ಗೊತ್ತಿತ್ತು.

ಮನೆಗೆ ಬೆಲೆ ತಂದ ಸ್ಟೇಶನ್ನೇ ಸೊಸೈಟಿಯಿಂದ ಜನರನ್ನು ಕಿತ್ತುಕೊಂಡು ಹೋಗುತ್ತದೆ. ಯಾವ ಪುಸ್ತಕದಲ್ಲೂ ಇದನ್ನು ನಾನು ಓದಿದ್ದಲ್ಲ, ಒಂಬತ್ತು ವರ್ಷ ಲೆಕ್ಕ ಬರೆದಾಗ ಕಂಡದ್ದು. ರಾತ್ರಿ ಒಂಬತ್ತಕ್ಕೆ ಬಂದು ಉಂಡು ಮಲಗುವವನಿಗೆ ಟಾಕಿ ತೊಳೆಸಲು, ವಾಚ್‌ಮನ್‌ನ ಪಗಾರ ಎಣಿಸಲು, ಆಡಿಟರನ ಮುಂದೆ ವೌಚರ್ ಹಿಡಿದು ಕೂರಲು ಹೊತ್ತೆಲ್ಲಿದೆ? ಆದ್ದರಿಂದ ಸಣ್ಣ ಸೊಸೈಟಿಗಳನ್ನು ನಡೆಸುವವರು ನಿವೃತ್ತರು, ಮನೆಯಲ್ಲಿರುವ ಹೆಂಗಸರು, ಇಲ್ಲವೇ ನನ್ನ ಹಾಗೆ ಒಮ್ಮೆ ಬಾಯಿ ತಪ್ಪಿ ಹೂಂ ಎಂದು ಸಿಕ್ಕಿಬಿದ್ದವರು. ಮುನ್ನೂರು ಮನೆಯ ಕಾಂಪ್ಲೆಕ್ಸಿನಲ್ಲಿ ಮ್ಯಾನೇಜರನನ್ನು ಇಟ್ಟುಕೊಳ್ಳುತ್ತಾರೆ. ಹದಿನಾರು ಮನೆಗೆ ಅದು ಕೈಗೆ ಹತ್ತುವ ಮಾತಲ್ಲ.

ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ನಾವು ಇಡುತ್ತಿದ್ದದ್ದು ಭಾನುವಾರ, ಅದರಲ್ಲೂ ರೈಲಿನವರು ಹಳಿ ರಿಪೇರಿಗೆಂದು ಮೆಗಾಬ್ಲಾಕ್ ಹಾಕಿದ ಭಾನುವಾರ. ಗಾಡಿ ಇಲ್ಲದಿದ್ದರೆ ದಾದರಿಗೋ ಮಾಟುಂಗಾಕ್ಕೋ ನೆಂಟರ ಮನೆಗೆ ಓಡಲಾರರಲ್ಲ. ಅಷ್ಟಾದರೂ ಹತ್ತೂವರೆಗೆ ಕೆಳಗೆ ಸ್ಕೂಟರುಗಳ ನಡುವೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆರೇಳು ಜನ. ಕೋರಂ ಅಂದರೆ ಮೂರರಲ್ಲಿ ಎರಡು ಪಾಲು ಸದಸ್ಯರು ಅಥವಾ ಇಪ್ಪತ್ತು ಜನ, ಯಾವುದು ಕಡಿಮೆಯೋ ಅದು. ನಮಗೆ ಹನ್ನೊಂದು ಬೇಕು. ಬರುವುದಿಲ್ಲ. ಅರ್ಧ ಗಂಟೆ ಮುಂದೂಡಿ, ಅದೇ ಕುರ್ಚಿಗಳಲ್ಲಿ ಚಹಾ ಕುಡಿದು, ಮತ್ತೆ ಸಭೆ ಸೇರಿದರೆ ಆಗ ಕೋರಂ ಬೇಕಿಲ್ಲ. ಈ ಸಲೀಸಾದ ನಿಯಮ ಇಲ್ಲದಿದ್ದರೆ ಮುಂಬಯಿಯ ಅರ್ಧ ಸೊಸೈಟಿಗಳಿಗೆ ಬೀಗ ಬೀಳುತ್ತಿತ್ತೇನೋ.

ಒಂದು ವರ್ಷದ ಸಭೆ ನನಗೆ ಮರೆಯುವಂತಿಲ್ಲ. ಜೂನಿನ ಮೊದಲ ಮಳೆಗೇ ಮೂರನೆಯ ಅಂತಸ್ತಿನ ಮನೆಯೊಂದರ ಛತ್ತು ಸೋರತೊಡಗಿತ್ತು. ಮೊದಲು ಫ್ಯಾನಿನ ಸುತ್ತ ಚಹಾ ಚೆಲ್ಲಿದಂಥ ಕಂದು ಕಲೆ, ಆಮೇಲೆ ಸುಣ್ಣ ಉಬ್ಬಿ ಹಪ್ಪಳದಂತೆ ಎದ್ದಿತು. ಜುಲೈಯಲ್ಲಿ ಮಂಚ ಸರಿಸಿ ಕೊಡ ಇಟ್ಟರು. ಸೆಪ್ಟೆಂಬರಿನಲ್ಲಿ ಗಚ್ಚಿಗೆ ವಾಟರ್‌ಪ್ರೂಫಿಂಗ್ ಮಾಡಿಸುವ ಮಾತು ಬಂದಾಗ ನೆಲ ಅಂತಸ್ತಿನವರೊಬ್ಬರು ಎದ್ದು, "ಗಚ್ಚಿ ನನಗೇನು ಸಂಬಂಧ? ನಾನು ಒಂದು ದಿನಾನೂ ಮೇಲೆ ಹತ್ತಿದವನಲ್ಲ" ಅಂದರು. ಉಪವಿಧಿ ಓದಿ ಹೇಳಿದೆ. ಮಳೆನೀರು ಗಚ್ಚಿಯಿಂದ ಸೋರಿದರೆ ರಿಪೇರಿ ಸೊಸೈಟಿಯದು, ಅಂದರೆ ಹದಿನಾರೂ ಮನೆಯದು. ಮೇಲಿನ ಮನೆಯ ಬಚ್ಚಲಿನಿಂದಲೋ ಸಿಂಕಿನಿಂದಲೋ ಇಳಿದರೆ ಮಾತ್ರ ಆಯಾ ಮನೆಯವರದು. ಅವರು ಒಪ್ಪಲಿಲ್ಲ. ಆಗ ಮೊದಲ ಅಂತಸ್ತಿನ, ಅಥಣಿ ಕಡೆಯ ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ತಮ್ಮ ಮರಾಠಿಯಲ್ಲಿ ಒಂದು ಮಾತು ಹೇಳಿದರು. ಅದನ್ನು ನಮ್ಮ ಕನ್ನಡದಲ್ಲಿ ಹೇಳಿದರೆ ಹೀಗೆ: "ನಿಮ್ಮ ಮನೀ ಮ್ಯಾಲ ಗಚ್ಚಿ ಇಲ್ಲೇನ್ರಿ? ಐತಿ. ನಡುವ ಮೂರು ಮನೀ ಅದಾವ, ಅಷ್ಟ."

ಠರಾವು ಪಾಸಾಯಿತು. ದುಡ್ಡು ಒಟ್ಟಾಗಲು ಮತ್ತೆ ಏಳು ತಿಂಗಳು ಹಿಡಿಯಿತು, ಅದು ಬೇರೆ.

ದುಡ್ಡಿನ ಲೆಕ್ಕವನ್ನೂ ಅಳಿಯನಿಗೆ ಹೇಳಿದೆ. ತಿಂಗಳ ಮೇಂಟೇನನ್ಸ್ ಬಿಲ್ಲನ್ನು ಜನ ಒಟ್ಟು ಮೊತ್ತ ನೋಡಿ ಬಯ್ಯುತ್ತಾರೆ, ಸಾಲು ಸಾಲಾಗಿ ಓದುವುದಿಲ್ಲ. ವಾಚ್‌ಮನ್, ಕಸ, ಜಿನೆಯ ದೀಪ ಇಂಥ ಸೇವಾ ಖರ್ಚು ಎಲ್ಲ ಮನೆಗೂ ಸಮ, ಮನೆ ದೊಡ್ಡದಿರಲಿ ಸಣ್ಣದಿರಲಿ. ನೀರಿನದು ಮನೆಯೊಳಗಿನ ನಳಗಳ ಲೆಕ್ಕದ ಮೇಲೆ. ಲಿಫ್ಟಿದ್ದರೆ ಅದೂ ಎಲ್ಲರಿಗೂ ಸಮ, ನೆಲ ಅಂತಸ್ತಿನವರಿಗೂ. ಇದರ ಮೇಲೆ ಜಗಳ ಆಗದ ಸೊಸೈಟಿಯನ್ನು ನಾನು ನೋಡಿಲ್ಲ. ಕಟ್ಟಡದ ಕಟ್ಟುವೆಚ್ಚದ ಮೇಲೆ ವರ್ಷಕ್ಕೆ ಶೇಕಡಾ 0.25ರಷ್ಟು ಸಿಂಕಿಂಗ್ ಫಂಡಿಗೆ, 0.75ರಷ್ಟು ರಿಪೇರಿ ಫಂಡಿಗೆ ಹೋಗಬೇಕು. ಈ ಎರಡು ಸಾಲುಗಳನ್ನು ಕಡಿಮೆ ಮಾಡಿ ಬಿಲ್ಲು ಇಳಿಸಿದ ಸೆಕ್ರೆಟರಿಗೆ ಆ ವರ್ಷ ಚಪ್ಪಾಳೆ. ಹದಿನೈದು ವರ್ಷದ ಮೇಲೆ ಕಂಬದೊಳಗಿನ ಕಬ್ಬಿಣ ತುಕ್ಕು ಹಿಡಿದು ಹೊರಬಿದ್ದಾಗ ಅವರ ಹೆಸರು ಹೇಳಿ ಶಾಪ. ಹದಿನೈದು ವರ್ಷ ದಾಟಿದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ಉಪವಿಧಿ ಹೇಳುತ್ತದೆ. ಸ್ಟೇಶನ್ನಿನ ಸುತ್ತಲಿನ ಹೆಚ್ಚಿನ ಸಣ್ಣ ಕಟ್ಟಡಗಳು ಈಗ ಮೂವತ್ತರ ಆಚೆಯವೇ.

ಹದಿನಾರು ಮನೆಯಲ್ಲಿ ಒಬ್ಬ ಬಾಕಿ ಉಳಿಸಿಕೊಂಡರೆ ರೂಪಾಯಿಗೆ ಆರು ಪೈಸೆ ಖೋತಾ, ಇಬ್ಬರಾದರೆ ಹನ್ನೆರಡು. ನಮ್ಮಲ್ಲಿ ಒಂದು ಮನೆ ಹದಿನಾಲ್ಕು ತಿಂಗಳು ಕಟ್ಟಲಿಲ್ಲ. ಬಾಕಿಗೆ ವರ್ಷಕ್ಕೆ ಶೇಕಡಾ 21ರವರೆಗೆ ಸರಳ ಬಡ್ಡಿ ಹಾಕಬಹುದಿತ್ತು. ಅದಕ್ಕೂ ಬಗ್ಗದಿದ್ದರೆ ರಿಜಿಸ್ಟ್ರಾರರ ಬಳಿ ವಸೂಲಿಯ ದಾಖಲೆ ಪಡೆದು ಭೂಕಂದಾಯದ ಬಾಕಿಯ ಹಾಗೆ ಎಳೆಯಬಹುದು. ಬೆಳೆಸಾಲ ಕಟ್ಟದವರ ಮೇಲೆ ಅಲ್ಲಿಯ ಪತ್ತಿನ ಸಂಘಗಳು ಬಹುಕಾಲ ಬಳಸಿದ 101ನೇ ಕಲಮೇ ಫ್ಲಾಟಿನವರ ಮೇಲೂ ನಡೆದು ಬಂದದ್ದು. ವಸತಿ ಸೊಸೈಟಿಗಳಿಗೆಂದೇ ಪ್ರತ್ಯೇಕ ಅಧ್ಯಾಯ ಸೇರಿದ್ದು 2019ರಲ್ಲಿ. ಕಾಯ್ದೆ ಇದೆ ಸರಿ, ಆದರೆ ಎದುರಿನ ಬಾಗಿಲಿನವನ ಮೇಲೆ ದಾವೆ ಹೂಡಿ ಮರುದಿನ ಅದೇ ಜಿನೆಯಲ್ಲಿ ಅವನನ್ನು ದಾಟಿ ಹೋಗಬೇಕಲ್ಲ. ಕಡೆಗೆ ನನ್ನಾಕೆ ಅವರ ಹೆಂಡತಿಯ ಜೊತೆ ಮಾತಾಡಿ ಮೂರು ಕಂತಿನಲ್ಲಿ ವಸೂಲು ಮಾಡಿದಳು. ನೋಟೀಸಿಗೆ ಆಗದ ಕೆಲಸ ಸಂಕ್ರಾಂತಿಯ ಎಳ್ಳಿಗೆ ಆಯಿತು.

ಸಣ್ಣ ಸೊಸೈಟಿಯ ಸುಖ ಇಲ್ಲೇ ಇದೆ, ದುಃಖವೂ ಇಲ್ಲೇ. ರಾತ್ರಿ ಎರಡಕ್ಕೆ ಎದೆನೋವು ಬಂದರೆ ಆರು ಜನ ಕೆಳಗೆ ಇಳಿದಿರುತ್ತಾರೆ. ಹಾಗೆಯೇ ನಿಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಕುಕ್ಕರಿನಿಂದ ಏನು ವಾಸನೆ ಬಂತು ಎಂಬುದೂ ಆರು ಜನರಿಗೆ ಗೊತ್ತಿರುತ್ತದೆ. ಈ ವಾಸನೆಯ ವಿಷಯ ಸಣ್ಣದಲ್ಲ. ಗಾಮದೇವಿಯ ಸಂಘ ಒಂದು ಸಮಾಜದವರು ತಮ್ಮವರಿಗೆಂದು ಕಟ್ಟಿಕೊಂಡದ್ದು. ಹೊಸ ಊರಿನಲ್ಲಿ ಆಸರೆ ಹುಡುಕುತ್ತಿದ್ದವರಿಗೆ ಆ ಕಾಲಕ್ಕೆ ಅದು ಸಹಜವೂ ಇತ್ತು. ಪಾರ್ಸಿಗಳ ಒಂದು ವಸತಿ ಸೊಸೈಟಿ ತನ್ನ ಸಮಾಜದವರಿಗಷ್ಟೇ ಸದಸ್ಯತ್ವ ಎಂದು ಉಪವಿಧಿ ಮಾಡಿಕೊಂಡದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕೋರ್ಟಿನ ತೀರ್ಪು ತಲೆಯ ಮೇಲೆ. ಆದರೆ ಎಲ್ಲರಿಗೂ ಮಾರಿದ ಕಟ್ಟಡದಲ್ಲಿ, ಮೀನು ತಿನ್ನುವವರಿಗೆ ಬೇಡ, ಒಂಟಿ ಹೆಣ್ಣುಮಗಳಿಗೆ ಬೇಡ, ಇಂಥ ಹೆಸರಿನವರಿಗೆ ಬೇಡ ಎಂದು ಜಿನೆಯ ಮೇಲೆ ನಿಂತು ಗುಸುಗುಸು ಮಾಡುವುದಕ್ಕೆ ಆ ತೀರ್ಪಿನ ಬಲ ಇಲ್ಲ. ಕಮಿಟಿಯಲ್ಲಿ ಕೂತು ಇಂಥ ಗುಸುಗುಸು ಕೇಳಿದ್ದೇನೆ. ಒಂದೆರಡು ಸಲ ಸುಮ್ಮನೆಯೂ ಇದ್ದೆ. ಅದು ಈಗಲೂ ಚುಚ್ಚುತ್ತದೆ.

ಬೆಂಗಳೂರಿನಲ್ಲಿ ಮನೆ ಮಾಡಿದ ನಮ್ಮೂರ ಹುಡುಗರಿಗೆ ಈ ಶೇರಿನ ಕಥೆ ಹೊಸದು. ಅಲ್ಲಿ ಫ್ಲಾಟಿನವರದು ಹೆಚ್ಚಾಗಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಯ ದಾರಿ. ಫ್ಲಾಟು ನಿನ್ನ ಹೆಸರಿಗೆ, ನೆಲದಲ್ಲಿ ಒಡೆಯದ ಪಾಲು ನಿನ್ನ ಹೆಸರಿಗೆ, ನಡೆಸಿಕೊಂಡು ಹೋಗಲು ಅಸೋಸಿಯೇಷನ್. ಅಲ್ಲಿ ಸೊಸೈಟಿ ಎಂದರೆ ಸೈಟು ಹಂಚುವ ಗೃಹನಿರ್ಮಾಣ ಸಂಘ. ಬೋರಗಾಂವದವನೊಬ್ಬ ಇಚಲಕರಂಜಿ ದಾಟಿ ಹೋದರೆ ಒಂದು ಕಾಯ್ದೆ, ಬೆಳಗಾವಿ ದಾಟಿ ಹೋದರೆ ಇನ್ನೊಂದು. 1956ರ ನವೆಂಬರ್ 1ರವರೆಗೆ ನಾವೂ ಮುಂಬಯಿ ರಾಜ್ಯದವರೇ, 1925ರ ಮುಂಬಯಿ ಸಹಕಾರಿ ಕಾಯ್ದೆಯೇ ನಮಗೂ ಕಾಯ್ದೆಯಾಗಿತ್ತು ಎಂಬುದನ್ನು ಗಡಿಯ ಮೇಲೆ ಭಾಷಣ ಮಾಡುವವರು ಯಾರೂ ನೆನೆಯುವುದಿಲ್ಲ.

ಅಳಿಯನ ಫೈಲು ಪೂರ್ತಿ ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿದೆ. ಶೇರು ಸ್ವಂತ ಹೆಸರಿಗೆ ಏರಿದೆಯೇ? ಏರಿದೆ. ಸರ್ಟಿಫಿಕೇಟಿನ ಹಿಂಬದಿಯಲ್ಲಿ ಹಿಂದಿನ ಇಬ್ಬರು ಮಾಲಕರ ಹೆಸರು ಹೊಡೆದು ಕೆಳಗೆ ಇವನ ಹೆಸರು, ಸೆಕ್ರೆಟರಿ-ಚೇರ್ಮನ್ನರ ಸಹಿ. ವರ್ಗಾವಣೆಗೆ ಎಷ್ಟು ತೆಗೆದುಕೊಂಡರು? ಇಪ್ಪತ್ತೈದು ಸಾವಿರ. ಮಹಾನಗರಪಾಲಿಕೆ ಇರುವ ಊರಲ್ಲಿ ಪ್ರೀಮಿಯಮ್ಮಿನ ಮಿತಿಯೇ ಅದು. ಅದಕ್ಕಿಂತ ಹೆಚ್ಚು 'ದೇಣಿಗೆ' ಎಂದು ಕೇಳಿದರೆ ಕೊಡಬೇಕಾಗಿಲ್ಲ.

ಮೂರನೆಯದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಜಮೀನು ಯಾರ ಹೆಸರಿನಲ್ಲಿದೆ? "ಸೊಸೈಟಿದ ಇರಬೇಕಲ್ಲ ಮಾಮಾ?" ಇರಬೇಕು. ಆದರೆ ಫ್ಲಾಟು ಮಾರಿ, ಸೊಸೈಟಿ ಮಾಡಿಕೊಟ್ಟು, ಜಮೀನನ್ನು ಮಾತ್ರ ಹೆಸರಿಗೆ ಹಚ್ಚದೆ ಹೋದ ಬಿಲ್ಡರುಗಳಿಗೆ ಲೆಕ್ಕವಿಲ್ಲ. ಸತ್ತವರಿದ್ದಾರೆ, ಕಂಪನಿ ಮುಚ್ಚಿದವರಿದ್ದಾರೆ, ಬೇಕೆಂದೇ ಕಾದು ಕೂತವರಿದ್ದಾರೆ. ಯಾಕೆ ಕಾಯುತ್ತಾರೆಂದರೆ ನಾಳೆ ಕಟ್ಟಡ ಹಳತಾಗಿ ಕೆಡವಿ ಎತ್ತರಕ್ಕೆ ಕಟ್ಟುವಾಗ ಹೆಚ್ಚುವರಿ ಅಂತಸ್ತುಗಳ ಹಕ್ಕು ನೆಲ ಯಾರದೋ ಅವರದು. ಸ್ಟೇಶನ್ನಿಗೆ ಏಳು ನಿಮಿಷದ ನೆಲ ಬೇರೆ. ಈ ಮೋಸಕ್ಕೆ ಔಷಧವಾಗಿ 2008ರಲ್ಲಿ ಆ ಫ್ಲಾಟು ಕಾಯ್ದೆ ತಿದ್ದಿದರು. ಬಿಲ್ಡರ್ ಬರದಿದ್ದರೂ ಸೊಸೈಟಿ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಹಾಕಿ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಡೀಮ್ಡ್ ಕನ್ವೇಯನ್ಸ್ ಎಂದರೆ ಇದೇ. ಮಾಡಿಸಲು ಒಬ್ಬ ಹಳೆಯ ಕಾಗದ ಹುಡುಕಿ ಕಚೇರಿ ಸುತ್ತಬೇಕು. ಎಂಟು ಗಂಟೆಗೇ ಕಟ್ಟಡ ಖಾಲಿಯಾದರೆ ಆ ಒಬ್ಬ ಯಾರು?

"ನಾಮಿನಿ ಫಾರ್ಮ್ ತುಂಬೀಯೇನು?" ಎಂದೂ ಕೇಳಿದೆ. ಅಕ್ಕನ ಹೆಸರು ಬರೆದಿದ್ದ. ಅಕ್ಕನಿಗೆ ಖುಷಿ, ಸೊಸೆಯ ಮುಖ ಸ್ವಲ್ಪ ಸಣ್ಣಗಾಯಿತು. ನಾಮಿನಿ ಎಂದರೆ ವಾರಸುದಾರ ಅಲ್ಲ, ವಾರಸುದಾರರು ತೀರ್ಮಾನ ಆಗುವವರೆಗೆ ಶೇರು ಹಿಡಿದುಕೊಂಡಿರುವವರು ಎಂದು ಹೇಳಿ ಎರಡೂ ಕಡೆ ತಂಪು ಮಾಡಿದೆ. ಅದು ನಿಜವೂ ಹೌದು. ನಮ್ಮ ಕಟ್ಟಡದಲ್ಲೇ ಇದನ್ನು ತಿಳಿಯದೆ ಇಬ್ಬರು ಅಣ್ಣತಮ್ಮಂದಿರು ನಾಲ್ಕು ವರ್ಷ ಮಾತು ಬಿಟ್ಟಿದ್ದರು.

ಹಬ್ಬ ಮುಗಿಸಿ ಅಳಿಯ ಹೋದ. ಫರಾಳದ ಡಬ್ಬಿಗಳ ನಡುವೆ ಫೈಲನ್ನು ಸೀರೆಯಲ್ಲಿ ಸುತ್ತಿ ಇಟ್ಟುಕೊಟ್ಟಳು ಅಕ್ಕ. ಹನ್ನೊಂದು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅವನ ಫೋನು ಬಂತು. ಹಿಂದೆ ಕುರ್ಚಿ ಎಳೆಯುವ ಸದ್ದು, ಯಾರೋ ಮರಾಠಿಯಲ್ಲಿ ಜೋರು ಮಾಡುತ್ತಿದ್ದರು.

"ಮಾಮಾ, ಇವತ್ತ ಮೆಗಾಬ್ಲಾಕ್ ಇತ್ತು, ಅದಕ್ಕ ಮೀಟಿಂಗಿಗೆ ಹೋಗಿ ಕುಂತಿದ್ದೆ. ನನ್ನ ಟ್ರೆಜರರ್ ಮಾಡಿ ಬಿಟ್ರು."

"ಬೇಷಾತು."

"ಬೇಷೇನ್ ಬಂತು? ಟಾಕಿ ತೊಳದಾವ ಎರಡು ಸಾವಿರ ತಗೊಂಡಾನ, ರಸೀದಿ ಕೊಡವಲ್ಲ. ಆಡಿಟರ್ ಕೇಳತಾನಂತ. ಏನ್ ಮಾಡ್ಲಿ?"

"ಒಂದು ವೌಚರ್ ಬರಿ. ಅವನ ಸಹಿ ತಗೋ, ಸಹಿ ಬರೂದಿಲ್ಲಂದರ ಹೆಬ್ಬಟ್ಟು. ಬಾಜೂಕ ಒಬ್ಬರ ಸಾಕ್ಷಿ."

"ಸಾಕ್ಷಿ ಯಾರದು? ಎಲ್ಲಾರೂ ಎದ್ದು ಹೋದ್ರಲ್ಲ" ಅಂದ.